ಊದಿದರೆ ಆಟ ಬರುತ್ತದೆಯೇ? – ಹಳೆಯ ಗೇಮ್ ಕ್ಯಾಸೆಟ್ಟಿನೊಂದಿಗೆ ಎರಡು ಅವಧಿ

ಅಭ್ಯಾಸ ಬೋಧನೆಗಾಗಿ ನನಗೆ ಸಿಕ್ಕಿದ್ದು ಮಾಯಸಂದ್ರದ ಒಂದು ಪ್ರೌಢಶಾಲೆ, 8ನೇ ತರಗತಿ. ಘಟಕ ‘ವಿದ್ಯುತ್ ಪ್ರವಾಹದ ರಾಸಾಯನಿಕ ಪರಿಣಾಮಗಳು’. ಬಲ್ಬು, ಸೆಲ್ಲು, ನಿಂಬೆರಸದ ಪ್ರಯೋಗಗಳನ್ನು ಮಕ್ಕಳು ಆಗಲೇ ನೋಡಿದ್ದರು. ವಿಷಯ ಪ್ರವೇಶಕ್ಕೆ ಹೊಸದೇನಾದರೂ ಇರಲೆಂದು ನಮ್ಮ ಸೋದರಮಾವನ ಅಟ್ಟದಲ್ಲಿದ್ದ ಟಿವಿ ಗೇಮನ್ನು ಕಲಿಕೋಪಕರಣವಾಗಿ ತೆಗೆದುಕೊಂಡು ಹೋದೆ. ಆ ಪಾಠದಲ್ಲಿ ನಾನು ಮಾಡಿದ ತಪ್ಪು, ಅದನ್ನು ಮಕ್ಕಳು ತಿದ್ದಿದ ಬಗೆ ಇತರ ಪ್ರಶಿಕ್ಷಣಾರ್ಥಿಗಳಿಗೂ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ಕಲಿಕೋಪಕರಣ

ಇದು ನೋಡಲು ಕಂಪ್ಯೂಟರ್ ಕೀಬೋರ್ಡಿನಂತೆಯೇ ಇದೆ. ಮೇಲೆ ಕ್ಯಾಸೆಟ್ ಕೂರಿಸಲು ಒಂದು ಸೀಳು. ಇದರ ಮೂಲ ಜಪಾನಿನದು. ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ಅದಕ್ಕೆ ಕೀಬೋರ್ಡೂ ಬೇಸಿಕ್ ಭಾಷೆಯ ಕ್ಯಾಸೆಟ್ಟೂ ಬಂದವು. ಮಕ್ಕಳು ಮನೆಯಲ್ಲೇ ಚಿಕ್ಕ ಪ್ರೋಗ್ರಾಂ ಬರೆಯಬಹುದಿತ್ತು. 1990ರ ದಶಕದಲ್ಲಿ ನಮ್ಮ ಅಂಗಡಿಗಳಿಗೆ ಬಂದದ್ದು ಇದರ ನಕಲುಗಳು.

ನಾವು ಕ್ಯಾಸೆಟ್ ಎಂದು ಕರೆದರೂ ಒಳಗೆ ಟೇಪ್ ಇಲ್ಲ. ಒಂದು ಸಣ್ಣ ಸರ್ಕ್ಯೂಟ್ ಬೋರ್ಡು, ಅದರ ಮೇಲೆ ಆಟವನ್ನು ಹಿಡಿದಿಟ್ಟಿರುವ ಚಿಪ್ಪು. ಬೋರ್ಡಿನ ಅಂಚಿನಲ್ಲಿ ಬದಿಗೆ 30ರಂತೆ ಒಟ್ಟು 60 ಲೋಹದ ಪಟ್ಟಿಗಳು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಪೂರ್ತಿ ಗಾತ್ರ 40 ಕಿಲೋಬೈಟ್. ಇಂದಿನ ಮೊಬೈಲಿನ ಒಂದು ಫೋಟೊ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಯಂತ್ರದೊಳಗೆ ಆಟವೇ ಇರುವುದಿಲ್ಲ. ಆ 60 ಪಟ್ಟಿಗಳ ಮೂಲಕ ಕ್ಷಣಕ್ಷಣಕ್ಕೂ ಕ್ಯಾಸೆಟ್ಟಿನಿಂದ ಓದಿಕೊಳ್ಳಬೇಕು. ಮುಖ್ಯವಾದ ಒಂದು ಪಟ್ಟಿ ತಾಗದಿದ್ದರೂ ತಪ್ಪು ಅಂಕಿಗಳು ಓದಿಬರುತ್ತವೆ, ಪರದೆಯ ಮೇಲೆ ಬಣ್ಣದ ಚೌಕಗಳು ತುಂಬುತ್ತವೆ.

ಮೊದಲ ಅವಧಿ

ಸ್ಟೋರ್ ರೂಮಿನ ಹಳೆಯ ಡಬ್ಬಾ ಟಿವಿಗೆ ವೈರು ಸಿಕ್ಕಿಸಿ ಸ್ವಿಚ್ ಹಾಕಿದೆ. ಬಂದದ್ದು ಆ ಚೌಕಗಳೇ. ಚಿಕ್ಕಂದಿನ ಅಭ್ಯಾಸದಂತೆ ಕ್ಯಾಸೆಟ್ ತೆಗೆದು, ಬಾಯಿಂದ ‘ಫೂ’ ಎಂದು ಊದಿ ಮತ್ತೆ ಹಾಕಿದೆ. ಆಟ ಬಂತು! ಮಕ್ಕಳು ಚಪ್ಪಾಳೆ ತಟ್ಟಿದರು. “ಊದಿದರೆ ಧೂಳು ಹೋಗುತ್ತೆ, ಆಗ ಸರಿಯಾಗುತ್ತೆ” ಎಂದು ಧೈರ್ಯವಾಗಿ ಹೇಳಿ ಕಪ್ಪುಹಲಗೆಯ ಕಡೆ ತಿರುಗಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. “ಮಿಸ್, ನಮ್ಮ ತೋಟದ ಮೋಟರ್ ಸ್ಟಾರ್ಟರ್ ಹಿಡೀಲಿಲ್ಲ ಅಂದ್ರೆ ನಮ್ಮಪ್ಪ ಮೇನ್ ಆಫ್ ಮಾಡಿ ಪಾಯಿಂಟನ್ನ ಉಪ್ಪುಕಾಗದದಲ್ಲಿ ಉಜ್ಜುತ್ತೆ. ಊದಲ್ಲ. ನೀವು ತೆಗೆದು ಹಾಕಿದಾಗ ಉಜ್ಜಿದಂಗೆ ಆಗಿ ಸರಿಹೋಗಿರಬಹುದಲ್ವಾ?”

ಮಾರ್ಗದರ್ಶಕರು ಹಿಂದೆ ಕುಳಿತು ಬರೆದುಕೊಳ್ಳುತ್ತಿದ್ದರು. ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. “ಅದನ್ನು ಆಮೇಲೆ ನೋಡೋಣ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳು ಕೇಳಿದ್ದು ಸರಿ. ನಾನು ಎರಡು ಕೆಲಸವನ್ನು ಒಟ್ಟಿಗೆ ಮಾಡಿ, ಫಲವನ್ನು ಒಂದರ ಲೆಕ್ಕಕ್ಕೆ ಬರೆದಿದ್ದೆ. “ನನಗೆ ಗೊತ್ತಿಲ್ಲ, ನಾಳೆ ಪರೀಕ್ಷೆ ಮಾಡಿ ನೋಡೋಣ” ಎಂದೆ. ಈ ಚರ್ಚೆಯಲ್ಲಿ ಸಮಯ ಕಳೆದು ಮೌಲ್ಯಮಾಪನದ ಹಂತ ಉಳಿದುಹೋಯಿತು. ಸಮಯ ಪಾಲನೆಗೆ ಅಂಕ ಕಡಿಮೆ ಬಂತು.

ಎರಡನೆಯ ಅವಧಿ

ಪ್ರಯೋಗವನ್ನು ಮಕ್ಕಳೇ ರೂಪಿಸಿದರು. ಒಮ್ಮೆ ಊದಿ ಹಾಕುವುದು, ಒಮ್ಮೆ ಊದದೆ ಬರೀ ತೆಗೆದು ಹಾಕುವುದು. ಮೊದಲು ಹತ್ತು ಬಾರಿಯೂ ಊದಿಬಿಟ್ಟರೆ ಅಷ್ಟರಲ್ಲಿ ಪಟ್ಟಿಗಳು ಸವೆದು ಚೊಕ್ಕಟವಾಗಿರುತ್ತವೆ, ಆದ್ದರಿಂದ ಒಂದಾದ ಮೇಲೆ ಒಂದು ಮಾಡಬೇಕೆಂದು ಒಬ್ಬ ಹುಡುಗ ಹೇಳಿದ. ಪ್ರತಿ ಬಾರಿಯೂ ಸ್ವಿಚ್ ಆಫ್ ಮಾಡಿಯೇ ಕ್ಯಾಸೆಟ್ ತೆಗೆದೆವು. ಊದಿದ 10 ಬಾರಿಯಲ್ಲಿ ಆಟ ಬಂದದ್ದು 4 ಸಲ. ಊದದ 10ರಲ್ಲಿ 5 ಸಲ. ಅನಂತರ ಪಟ್ಟಿಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿಸಿ ಹಾಕಿದೆವು. 10ರಲ್ಲಿ 9 ಸಲ ಬಂತು. ಹತ್ತು ಸಲದ ಲೆಕ್ಕ ಚಿಕ್ಕದು, 4 ಮತ್ತು 5ರ ನಡುವೆ ಹೆಚ್ಚು ಕಡಿಮೆ ಹೇಳಲಾಗದು ಎಂಬುದನ್ನೂ ಮಕ್ಕಳು ಪುಸ್ತಕದಲ್ಲಿ ಬರೆದುಕೊಂಡರು.

ಇಲ್ಲಿಂದ ಘಟಕಕ್ಕೆ ಬರುವುದು ಸುಲಭವಾಯಿತು. ಉಸಿರಿನಲ್ಲಿ ತೇವವಿದೆ, ಎಂಜಲಿನ ಹನಿಯಲ್ಲಿ ಲವಣಗಳಿವೆ. ತಾಮ್ರದ ಚೊಂಬಿಗೆ ಕಿಲುಬು ಹಿಡಿಯುವಂತೆ ಇವು ಪಟ್ಟಿಗಳನ್ನೂ ಕೆಡಿಸುತ್ತವೆ. ಕ್ಯಾಸೆಟ್ಟಿಗೆ ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಬಳಕೆದಾರರಿಗೆ ಹೇಳಿತ್ತು. “ಹಾಗಾದ್ರೆ ಚೊಂಬಿನ ಹಾಗೆ ಹುಣಸೇಹಣ್ಣಲ್ಲಿ ತಿಕ್ಕಿದ್ರೆ?” ಎಂದು ಒಬ್ಬ ಕೇಳಿದ. ಉತ್ತರ ತರಗತಿಯಿಂದಲೇ ಬಂತು: ಹುಳಿ ಕಿಲುಬು ತೆಗೆಯುತ್ತದೆ, ಆದರೆ ನಿಂಬೆರಸದಂತೆ ಹುಳಿನೀರೂ ವಿದ್ಯುತ್ ವಾಹಕ; ಪಟ್ಟಿಗಳ ನಡುವೆ ಉಳಿದರೆ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ ಹರಿಯುತ್ತದೆ. ಒಳ್ಳೆಯ ಕ್ಯಾಸೆಟ್‌ಗಳಲ್ಲಿ ತಾಮ್ರದ ಮೇಲೆ ಚಿನ್ನದ ತೆಳುಲೇಪ ಏಕೆ ಎಂಬ ಪ್ರಶ್ನೆಯಿಂದ ವಿದ್ಯುಲ್ಲೇಪನದ ಪಾಠ ಆರಂಭಿಸಿದೆ.

ಮುಂದಿನವರಿಗೆ

ಹಳೆಯ ವಸ್ತುವನ್ನು ತರಗತಿಗೆ ಒಯ್ಯುವಾಗ ಅದರೊಂದಿಗೆ ನಮ್ಮ ಹಳೆಯ ನಂಬಿಕೆಯೂ ಬರುತ್ತದೆ. ಆ ನಂಬಿಕೆಯನ್ನು ಹಿಂದಿನ ರಾತ್ರಿಯೇ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಪಾಠಯೋಜನೆಯಲ್ಲಿ ಐದು ನಿಮಿಷವನ್ನಾದರೂ ಮಕ್ಕಳ ಪ್ರಶ್ನೆಗೆ ಬಿಡಬೇಕು. ತೆಂಗಿನ ತೋಟದ ಮಕ್ಕಳು ಸ್ಟಾರ್ಟರ್, ಫ್ಯೂಸು, ಮೋಟರುಗಳನ್ನು ದಿನವೂ ನೋಡುತ್ತಾರೆ. ‘ಪೂರ್ವಜ್ಞಾನ’ ಎಂಬ ಕಲಮಿನಲ್ಲಿ ನಾನು “ಬಲ್ಬು ಮತ್ತು ಬ್ಯಾಟರಿಯ ಪರಿಚಯವಿದೆ” ಎಂದಷ್ಟೇ ಬರೆದಿದ್ದೆ. ಮುಂದಿನ ಪಾಠಯೋಜನೆಯಲ್ಲಿ ಅದನ್ನು ತಿದ್ದಿ ಬರೆದಿದ್ದೇನೆ.