ಕೀಲಿಮಣೆಯ ಆಯ್ಕೆ: ಕನ್ನಡ ಬೆರಳಚ್ಚುಗಾರನ ದೃಷ್ಟಿಯಿಂದ

ಹಳೆಯ ಕೀಲಿಮಣೆ ಕೆಟ್ಟಾಗ ಹೊಸದೊಂದನ್ನು ಕೊಳ್ಳುವುದು ಸಾಮಾನ್ಯವಾದ ಸಂಗತಿ. ಆದರೆ ಬೆರಳಚ್ಚು ಮಾಡುವವನಿಗೆ ಮಣಿಕಟ್ಟಿನ ನೋವೂ ಇದ್ದರೆ ಅದು ವಿಚಾರ ಮಾಡಿ ಕೈಗೊಳ್ಳಬೇಕಾದ ಕಾರ್ಯವಾಗುತ್ತದೆ. ನಮ್ಮ ಕಾಲೇಜಿನ ಸಹಪಾಠಿಗಳಲ್ಲಿ ನನ್ನಂತೆ ಸಂಜೆಯ ಹೊತ್ತು ಬೆರಳಚ್ಚಿನಿಂದ ನಾಲ್ಕು ಕಾಸು ಸಂಪಾದಿಸುವವರು ಕೆಲವರಾದರೂ ಇರುವುದರಿಂದ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಅಂಗಡಿಗಳಲ್ಲಿ 'ಎರ್ಗೋನಾಮಿಕ್' ಎಂಬ ಮಾತು ಧಾರಾಳವಾಗಿ ಕೇಳಿಬರುತ್ತದೆ. ಗ್ರೀಕ್ ಭಾಷೆಯ 'ಕೆಲಸ' ಮತ್ತು 'ನಿಯಮ' ಎಂಬ ಎರಡು ಶಬ್ದಗಳನ್ನು ಕೂಡಿಸಿ 1857ರಲ್ಲಿ ಪೋಲೆಂಡಿನ ವಿದ್ವಾಂಸನೊಬ್ಬನು ಇದನ್ನು ರಚಿಸಿದನು. ಕೆಲಸವನ್ನು ಮನುಷ್ಯನಿಗೆ ಹೊಂದಿಸಬೇಕು, ಮನುಷ್ಯನನ್ನು ಕೆಲಸಕ್ಕೆ ಬಗ್ಗಿಸಬಾರದು ಎಂಬುದು ಇಂದು ಆ ಶಾಸ್ತ್ರದ ತಿರುಳು. ಇದು ನಮ್ಮವರಿಗೆ ಹೊಸದೇನಲ್ಲ. ನನ್ನ ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಗುದ್ದಲಿಗೆ ಕಾವು ಹಾಕಿಸುವಾಗ ಬಡಗಿಯ ಮುಂದೆ ನಿಂತು ನಾಲ್ಕಾರು ಸಲ ಹಿಡಿದು ನೋಡದೆ ಒಪ್ಪುವವರಲ್ಲ. ಕೀಲಿಮಣೆಯನ್ನು ಮಾತ್ರ ನಾವು ಡಬ್ಬಿಯ ಮೇಲಿನ ಚಿತ್ರ ನೋಡಿ ಕೊಂಡು ತರುತ್ತೇವೆ!

ನೇರವಾದ ಕೀಲಿಮಣೆಯ ದೋಷವೇನು? ಷೋಲ್ಸನ ಬೆರಳಚ್ಚು ಯಂತ್ರವು 1874ರಲ್ಲಿ ಮಾರುಕಟ್ಟೆಗೆ ಬಂದಂದಿನಿಂದ ಕೀಲಿಗಳು ಅಡ್ಡಸಾಲುಗಳಲ್ಲಿ ಕೂತಿವೆ. ಎರಡು ಕೈಗಳೂ ಎದೆಯ ಮುಂದೆ ಒಂದೆಡೆ ಸೇರಬೇಕಾದುದರಿಂದ ಮಣಿಕಟ್ಟುಗಳು ಕಿರುಬೆರಳಿನ ಕಡೆಗೆ ಸೊಟ್ಟಾಗುತ್ತವೆ. ಈ ಕಾರಣದಿಂದಲೇ ಜರ್ಮನಿಯ ಕ್ಲಾಕೆನ್‌ಬರ್ಗ್ ಎಂಬುವನು 1926ರಲ್ಲಿಯೇ ಕೀಲಿಮಣೆಯನ್ನು ಎರಡು ಭಾಗ ಮಾಡಬೇಕೆಂದು ಸೂಚಿಸಿದನು. 1994ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ 'ನ್ಯಾಚುರಲ್' ಕೀಲಿಮಣೆ ಬಂದ ಮೇಲೆ ಈ ಸೀಳಿದ ಆಕಾರವು ಜನಸಾಮಾನ್ಯರ ಕಣ್ಣಿಗೆ ಬಿತ್ತು. ಮಣಿಕಟ್ಟಿನ ಸೊಟ್ಟು ಇದರಿಂದ ಕಡಿಮೆಯಾಗುವುದು ನಿಜ. ಆದರೆ ಎಲ್ಲರ ನೋವೂ ಇದರಿಂದ ವಾಸಿಯಾಗುವುದೆಂದು ಹೇಳಲಾಗದು. ನೋವಿಗೆ ಬೇರೆ ಕಾರಣಗಳೂ ಉಂಟು.

ಅವುಗಳಲ್ಲಿ ಒಂದು, ಮಣೆಯ ಹಿಂಭಾಗದ ಎರಡು ಪುಟ್ಟ ಕಾಲುಗಳು. ಅವನ್ನು ಎತ್ತಿ ನಿಲ್ಲಿಸಿದರೆ ಅಂಗೈ ಮೇಲಕ್ಕೆ ಬಾಗುತ್ತದೆ. ಮಡಚಿಬಿಟ್ಟರೆ ಕಾಸು ಖರ್ಚಿಲ್ಲದೆ ಅರ್ಧ ಉಪಕಾರ. ಇನ್ನೊಂದು, ಬಲಬದಿಯ ಅಂಕಿಗಳ ಗುಂಪು. ಅದು ಮೌಸನ್ನು ದೂರಕ್ಕೆ ತಳ್ಳುವುದರಿಂದ ದಿನಕ್ಕೆ ನೂರಾರು ಸಲ ತೋಳನ್ನು ಹೊರಕ್ಕೆ ಚಾಚಬೇಕಾಗುತ್ತದೆ.

ಇಷ್ಟು ಎಲ್ಲ ಭಾಷೆಯವರಿಗೂ ಸಮಾನ. ಕನ್ನಡದಲ್ಲಿ ಬೆರಳಚ್ಚು ಮಾಡುವವನಿಗೆ ಬೇರೆಯೇ ಒಂದು ತೊಡಕುಂಟು. ನನ್ನ ಲೇಖನದ ಮುಖ್ಯ ವಿಷಯ ಇದೇ.

ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರವು ಅಂಗೀಕರಿಸಿದ ವಿನ್ಯಾಸವನ್ನು ನಮ್ಮಲ್ಲಿ ಬಹುಮಂದಿ ಬಳಸುತ್ತಾರೆ. ಇಂಗ್ಲಿಷಿನಲ್ಲಿ ಶಿಫ್ಟ್ ಕೀಲಿಯ ಅಗತ್ಯ ವಾಕ್ಯದ ಮೊದಲಿಗೆ, ಹೆಸರುಗಳಿಗೆ ಬಿದ್ದರೆ ಹೆಚ್ಚು. ಈ ವಿನ್ಯಾಸದಲ್ಲಾದರೋ ದೀರ್ಘಸ್ವರಗಳು, ಮಹಾಪ್ರಾಣಗಳು, ಶಕಾರ, ಣಕಾರ, ಳಕಾರ ಎಲ್ಲಕ್ಕೂ ಶಿಫ್ಟ್ ಬೇಕು. ಎಡಗೈಯ ಅಕ್ಷರಕ್ಕೆ ಬಲಗಡೆಯ ಶಿಫ್ಟನ್ನೂ, ಬಲಗೈಯ ಅಕ್ಷರಕ್ಕೆ ಎಡಗಡೆಯದನ್ನೂ ಒತ್ತಬೇಕೆಂಬುದು ಬೆರಳಚ್ಚಿನ ಪಾಠ. ಈಗ ಲೆಕ್ಕ ನೋಡೋಣ. ವರ್ಗೀಯ ಮಹಾಪ್ರಾಣಗಳು ಹತ್ತು. ಅವುಗಳಲ್ಲಿ ಘ, ಛ, ಠ, ಢ, ಥ, ಧ, ಭ ಎಂಬ ಏಳು ಎಡಗೈಯ ಪಾಲಿಗೆ ಬಂದಿವೆ. ಖ, ಝ, ಫ ಮೂರೇ ಬಲಗೈಗೆ. ಕನ್ನಡದಲ್ಲಿ ಹೆಜ್ಜೆಹೆಜ್ಜೆಗೂ ಬರುವ ದೀರ್ಘ ಆಕಾರ, ಏಕಾರಗಳೂ ಎಡಗೈಯವೇ. 'ಶಾಸ್ತ್ರ' ಎಂಬ ಪುಟ್ಟ ಮಾತಿನ ಏಳು ಅಕ್ಷರಕೀಲಿಗಳನ್ನೂ ಎಡಗೈಯೊಂದೇ ಒತ್ತುತ್ತದೆ. ಬಲಗೈಯ ಕಿರುಬೆರಳು ಶಿಫ್ಟನ್ನು ಹಿಡಿದು ಕಾಯುತ್ತದೆ. ಹೀಗಾಗಿ ಕನ್ನಡದವನಿಗೆ ಬಲಗಡೆಯ ಶಿಫ್ಟ್ ಕೀಲಿಯೇ ಪ್ರಾಣ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಕ್ಕೂ ವ್ಯಂಜನಗಳು ಬಲಕ್ಕೂ ಇರುವುದರಿಂದ ಅದನ್ನು ಕಲಿತವರ ಲೆಕ್ಕ ಬೇರೆ.

ಚಿಕ್ಕ ಕೀಲಿಮಣೆಗಳನ್ನು ತಯಾರಿಸುವವರು ಬಾಣದ ಗುರುತಿನ ಕೀಲಿಗಳಿಗೆ ಎಡೆ ಮಾಡಲು ಅನೇಕ ವೇಳೆ ಕತ್ತರಿಸುವುದು ಈ ಬಲಗಡೆಯ ಶಿಫ್ಟನ್ನೇ! ನೋಡಲು ಅಂದವಾಗಿರುವ ಇಂಥ ಮಣೆಯಲ್ಲಿ 'ಕಾ' ಬರೆಯಹೋದರೆ ಮೇಲ್ಮುಖದ ಬಾಣ ಒತ್ತಿಹೋಗಿ ಅಕ್ಷರ ಮೇಲಿನ ಸಾಲಿಗೆ ಹಾರುತ್ತದೆ.

ಇನ್ನು ನನ್ನ ಸಂಗತಿ. ಸಂಜೆ ಮೂರು ಗಂಟೆಗಳ ಕಾಲ ಪಟ್ಟಣದ ಒಂದು ಅಚ್ಚುಕೂಟದಲ್ಲಿ ಪುಟಕ್ಕಿಷ್ಟೆಂದು ಕನ್ನಡ ಬೆರಳಚ್ಚು ಮಾಡುತ್ತೇನೆ. ಹಾಸ್ಟೆಲಿನ ಊಟದ ಖರ್ಚು ಅದರಿಂದಲೇ. ಈ ವರ್ಷ ಬಲಗೈ ನೋಯತೊಡಗಿತು. ಕೈ ನಿಂತರೆ ಅಂತಿಮ ಪರೀಕ್ಷೆಯ ಶುಲ್ಕವೂ ನಿಲ್ಲುವುದೆಂಬ ಭಯವಿತ್ತು. ವೈದ್ಯರು ಮಧ್ಯೆ ಮಧ್ಯೆ ವಿಶ್ರಾಂತಿ ಕೊಡಬೇಕೆಂದರು. ಅಲ್ಲಿನ ಕೀಲಿಮಣೆಯೂ ಕೆಟ್ಟಿದ್ದರಿಂದ ಮಾಲೀಕರು ನನಗೊಪ್ಪುವುದನ್ನು ನಾನೇ ತಂದುಕೊಳ್ಳಲು ಒಪ್ಪಿದರು. ನನ್ನಲ್ಲಿದ್ದುದು 2,500 ರೂಪಾಯಿ. ನಾನು ವಿಚಾರಿಸಿದ ಸೀಳು ಕೀಲಿಮಣೆಗಳು ಈ ಮೊತ್ತಕ್ಕೆ ದೊರೆಯಲಿಲ್ಲ. ದೊರೆತರೂ ಅವುಗಳಲ್ಲಿ ಸಾಮಾನ್ಯವಾಗಿ ಬಕಾರದ ಕೀಲಿ ಎಡಭಾಗಕ್ಕೆ ಸೇರಿರುತ್ತದೆ. ಅದನ್ನು ಬಲಗೈಯಿಂದ ಒತ್ತುವ ರೂಢಿಯಿದ್ದವರಿಗೆ ಸಿಗುವುದು ಬರಿಯ ಸಂದು.

ಆದುದರಿಂದ ಅಂಕಿಗಳ ಗುಂಪಿಲ್ಲದ, ಆದರೆ ಶಿಫ್ಟನ್ನು ಪೂರ್ಣವಾಗಿ ಉಳಿಸಿಕೊಂಡ 87 ಕೀಲಿಗಳ ಮಣೆಯನ್ನು ಆರಿಸಿದೆನು. ಮೌಸ್ ಹತ್ತಿರಕ್ಕೆ ಬಂತು. ಪ್ರತಿ ಕೀಲಿಯ ಕೆಳಗೂ ಸ್ಪ್ರಿಂಗಿರುವ ಈ ಬಗೆಯ ಮಣೆಗಳಲ್ಲಿ ಕೀಲಿಯು ಸುಮಾರು 4 ಮಿಲಿಮೀಟರ್ ಇಳಿಯಬಲ್ಲುದಾದರೂ 2 ಮಿಲಿಮೀಟರ್ ಇಳಿದೊಡನೆ ಅಕ್ಷರ ಮೂಡುತ್ತದೆ; ತಳಮುಟ್ಟ ಗುದ್ದಬೇಕಾದ್ದಿಲ್ಲ. ರಬ್ಬರಿನ ಮಣೆಗೆ ಒಗ್ಗಿದ ಕೈ ಇದನ್ನು ಕಲಿಯಲು ಎರಡು ವಾರ ಹಿಡಿಯಿತು. ಅಂಕಪಟ್ಟಿ, ಲೆಕ್ಕಪತ್ರಗಳ ಕೆಲಸದವರು ಅಂಕಿಗಳ ಮಣೆಯನ್ನು ಪ್ರತ್ಯೇಕವಾಗಿ ಕೊಂಡು ಎಡಗಡೆ ಇಟ್ಟುಕೊಳ್ಳಬಹುದು.

ಹಣವೇ ಇಲ್ಲದವರಿಗೂ ಒಂದು ಉಪಾಯವುಂಟು. ವಿಂಡೋಸ್ ವ್ಯವಸ್ಥೆಯಲ್ಲಿ 'ಸ್ಟಿಕಿ ಕೀಸ್' ಎಂಬ ಸೌಲಭ್ಯವಿದೆ. ಶಿಫ್ಟನ್ನು ಐದು ಸಲ ಒತ್ತಿದರೆ ಅದನ್ನು ಜಾರಿಗೊಳಿಸಲೇ ಎಂದು ಗಣಕವು ಕೇಳುತ್ತದೆ. ಒಪ್ಪಿದ ಬಳಿಕ ಶಿಫ್ಟನ್ನು ಹಿಡಿದಿರಬೇಕಾಗಿಲ್ಲ. ಒಮ್ಮೆ ಒತ್ತಿ ಬಿಟ್ಟು ಅಕ್ಷರ ಒತ್ತಿದರೆ ಸಾಕು. ವೇಗ ತುಸು ತಗ್ಗುತ್ತದೆ. ಕಿರುಬೆರಳು ಮಾತ್ರ ಆ ಸಂಜೆಯೇ ವ್ಯತ್ಯಾಸವನ್ನು ತಿಳಿಸುತ್ತದೆ.

ಕೊಳ್ಳುವವರು ಮರಳಿಸುವ ಅವಧಿ ಎಷ್ಟೆಂದು ಮೊದಲು ಕೇಳಿಕೊಳ್ಳಲಿ. ಆ ಅವಧಿಯಲ್ಲಿ ಆಕಾರ, ಏಕಾರ, ಒತ್ತಕ್ಷರಗಳು ದಟ್ಟವಾಗಿರುವ ಕನ್ನಡ ಪುಟವೊಂದನ್ನು ದಿನವೂ ಬೆರಳಚ್ಚಿಸಿ ನೋಡಲಿ. ಅಂಗಡಿಯಲ್ಲಿ ಪರೀಕ್ಷೆಗೆಂದು ಹೊಡೆಯುವ ನಾಲ್ಕು ಇಂಗ್ಲಿಷ್ ಪದಗಳಿಂದ ನಮಗೆ ಏನೂ ತಿಳಿಯುವುದಿಲ್ಲ.