ಮೊದಲ ಸ್ಕ್ಯಾನ್‌ನಲ್ಲೇ ಗೆಡ್ಡೆ ಕಂಡಿದೆ, ಮತ್ತೊಂದು ಯಾಕೆ?

ಪ್ರಶ್ನೆ: ನಮ್ಮ ಭಾವನವರಿಗೆ ಫಿಟ್ಸ್ ಬಂತೆಂದು ಎಂಆರ್‌ಐ ಮಾಡಿಸಿದೆವು. ಮಿದುಳಿನಲ್ಲಿ ಉಂಗುರದಂಥ ಗೆಡ್ಡೆ ಇದೆ ಎಂದು ವರದಿ ಬಂದಿದೆ. ಈಗ ವೈದ್ಯರು ‘ಪರ್ಫ್ಯೂಷನ್, ಸ್ಪೆಕ್ಟ್ರೋಸ್ಕೋಪಿ ಸೇರಿಸಿ ಇನ್ನೊಮ್ಮೆ ಮಾಡಿಸಿ’ ಎನ್ನುತ್ತಾರೆ. ಕಂಡ ಗೆಡ್ಡೆಯನ್ನು ಮತ್ತೆ ನೋಡುವುದೇನಿದೆ? ಇದರಿಂದ ತಲೆಬುರುಡೆ ತೆರೆಯುವುದು ತಪ್ಪುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕಂಡಿರುವುದು ಗೆಡ್ಡೆಯೇ ಹೌದೋ ಅಲ್ಲವೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ನಿಮ್ಮ ವೈದ್ಯರ ಅನುಮಾನವೂ ಬಹುಶಃ ಅದೇ ಇದ್ದೀತು.

ಎಂಆರ್‌ಐ ಯಂತ್ರ ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳಿಂದ ಚಿತ್ರ ತೆಗೆಯುತ್ತದೆ. 1.5 ಅಥವಾ 3 ಟೆಸ್ಲಾ ಬಲದ ಅಯಸ್ಕಾಂತದೊಳಗೆ ಮಲಗಿಸಿ ರೇಡಿಯೋ ತರಂಗ ಹಾಯಿಸಿದರೆ ಆ ಪರಮಾಣುಗಳು ಕಲಕುತ್ತವೆ. ಮತ್ತೆ ತಮ್ಮ ಸ್ಥಿತಿಗೆ ಮರಳಲು ಎಷ್ಟು ಹೊತ್ತು ತೆಗೆದುಕೊಂಡವು ಎಂಬುದರ ಮೇಲೆ ಚಿತ್ರದ ಕಪ್ಪು ಬಿಳುಪು ನಿಂತಿದೆ. ಗೆಡ್ಡೆಯ ಅಂಗಾಂಶದಲ್ಲಿ ಈ ಹೊತ್ತು ಹೆಚ್ಚು ಎಂದು ರೇಮಂಡ್ ಡಮಾಡಿಯನ್ 1971ರಲ್ಲೇ ಇಲಿಗಳ ಗೆಡ್ಡೆಯಲ್ಲಿ ತೋರಿಸಿದ್ದರು. ನಿಮ್ಮ ವರದಿಯ ‘ಉಂಗುರ’ ಬರುವುದು ಗ್ಯಾಡೋಲಿನಿಯಮ್ ಎಂಬ ಇಂಜೆಕ್ಷನ್‌ನಿಂದ. ಆರೋಗ್ಯವಂತ ಮಿದುಳಿನಲ್ಲಿ ಅದು ರಕ್ತನಾಳ ದಾಟಿ ಹೊರಗೆ ಬರುವುದಿಲ್ಲ. ರಕ್ತಕ್ಕೂ ಮಿದುಳಿಗೂ ನಡುವಿನ ಬೇಲಿ ಕಿತ್ತುಹೋದ ಕಡೆ ಸೋರಿ ಬೆಳ್ಳಗೆ ಹೊಳೆಯುತ್ತದೆ. ಬೇಲಿ ಮುರಿದಿದೆ ಎಂದು ತಿಳಿಯಿತು, ಮುರಿದವರು ಯಾರೆಂದು ತಿಳಿಯಲಿಲ್ಲ.

ನಮ್ಮ ದೇಶದಲ್ಲಂತೂ ಈ ಪ್ರಶ್ನೆ ಸಣ್ಣದಲ್ಲ. ಅದೇ ಉಂಗುರ ಕ್ಷಯದ ಗಂಟಿನಿಂದ ಬರಬಹುದು, ಲಾಡಿಹುಳುವಿನ ಮರಿಕೋಶದಿಂದ ಬರಬಹುದು, ಕೀವುಗಟ್ಟಿದ ಕುರುವಿನಿಂದ ಬರಬಹುದು. ಶ್ವಾಸಕೋಶದಿಂದಲೋ ಸ್ತನದಿಂದಲೋ ಹರಡಿದ ಕ್ಯಾನ್ಸರ್ ಇರಬಹುದು, ಮಿದುಳಿನಲ್ಲೇ ಹುಟ್ಟಿದ ಗ್ಲಿಯೋಬ್ಲಾಸ್ಟೋಮ ಕೂಡ ಇರಬಹುದು. ಹುಳುವಿನ ಕೋಶವಾದರೆ ಕೆಲವೊಮ್ಮೆ ಉಂಗುರದೊಳಗೆ ಒಂದು ಸಣ್ಣ ಚುಕ್ಕೆ ಕಾಣುತ್ತದೆ. ಅದು ಹುಳುವಿನ ತಲೆ. (ಮಾಂಸ ಮುಟ್ಟದವರ ಮನೆಯಲ್ಲೂ ಈ ಕಾಯಿಲೆ ಬರುತ್ತದೆ. ಮೊಟ್ಟೆಗಳು ಸೇರುವುದು ಕೊಳಕು ನೀರು, ಸರಿಯಾಗಿ ತೊಳೆಯದ ಸೊಪ್ಪು ತರಕಾರಿಯ ಮೂಲಕ.) ಚುಕ್ಕೆ ಕಾಣದಿದ್ದಾಗ ಬೇರೆ ಪರೀಕ್ಷೆಗಳ ಕೆಲಸ ಶುರುವಾಗುತ್ತದೆ.

ಡಿಫ್ಯೂಷನ್ ಎಂಬುದು ನೀರಿನ ಕಣಗಳ ಓಡಾಟವನ್ನು ಅಳೆಯುತ್ತದೆ. ಕೀವು ಮಂದ, ಅದರಲ್ಲಿ ನೀರು ಅಲುಗಾಡಲಾರದು, ಹಾಗಾಗಿ ಕುರುವಿನ ನಡುಭಾಗ ಬೆಳ್ಳಗೆ ಮಿಂಚುತ್ತದೆ. ಕ್ಯಾನ್ಸರ್ ಗೆಡ್ಡೆಯ ಸತ್ತ ನಡುಭಾಗದಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಪರ್ಫ್ಯೂಷನ್‌ನಲ್ಲಿ ಇಂಜೆಕ್ಷನ್ನನ್ನು ಯಂತ್ರದಿಂದ ರಭಸವಾಗಿ ಕೊಟ್ಟು, ಅದು ಮಿದುಳು ಹಾದುಹೋಗುವ ಕೆಲವೇ ಕ್ಷಣಗಳಲ್ಲಿ ಒಂದರ ಹಿಂದೊಂದು ಚಿತ್ರ ಹಿಡಿಯುತ್ತಾರೆ. ಯಾವ ಜಾಗಕ್ಕೆ ಎಷ್ಟು ರಕ್ತ ಹರಿಯುತ್ತಿದೆ ಎಂದು ಗೊತ್ತಾಗುತ್ತದೆ. ವೇಗವಾಗಿ ಬೆಳೆಯುವ ಗೆಡ್ಡೆ ಹೊಸ ರಕ್ತನಾಳಗಳನ್ನು ಹುಟ್ಟಿಸಿಕೊಳ್ಳುವುದರಿಂದ ಅಲ್ಲಿ ರಕ್ತದ ಪ್ರಮಾಣ ಏರಿರುತ್ತದೆ.

ಸ್ಪೆಕ್ಟ್ರೋಸ್ಕೋಪಿ ಇನ್ನೂ ವಿಶೇಷ. ಅದರಲ್ಲಿ ಸಿಗುವುದು ಚಿತ್ರವಲ್ಲ, ಏರಿಳಿತದ ಗೆರೆ. ಗೆಡ್ಡೆಯ ಮೇಲೆ ಒಂದು ಚೌಕ ಇಟ್ಟು ಅಲ್ಲಿರುವ ರಾಸಾಯನಿಕಗಳನ್ನು ಅಳೆಯುತ್ತಾರೆ. ಎನ್‌ಎಎ ಎಂಬ ವಸ್ತು ಮುಖ್ಯವಾಗಿ ನರಕೋಶಗಳದ್ದು. ನರಕೋಶ ಸತ್ತರೆ ಅದರ ಶಿಖರ ಕುಗ್ಗುತ್ತದೆ. ಕೋಲೀನ್ ಜೀವಕೋಶದ ಪೊರೆಗೆ ಸೇರಿದ್ದು. ಕೋಶಗಳು ಭರದಿಂದ ಹೆಚ್ಚುತ್ತಿದ್ದರೆ ಅದು ಮೇಲೇರುತ್ತದೆ. ಕ್ಷಯದ ಗಂಟಿನಲ್ಲಿ ಕೊಬ್ಬಿನ ಶಿಖರ ಎದ್ದು ಕಾಣುತ್ತದೆ. ಆದರೆ ಕೊಳೆತ ಗ್ಲಿಯೋಬ್ಲಾಸ್ಟೋಮದಲ್ಲೂ ಕೊಬ್ಬು ಕಾಣಬಹುದು. ಆದ್ದರಿಂದ ಒಂದೇ ಗೆರೆ ನೋಡಿ ತೀರ್ಪು ಕೊಡುವ ವರದಿಯನ್ನು ನಾನು ನಂಬುವುದಿಲ್ಲ. ಉಂಗುರ ತೋರಿಸಿದ ಸ್ಕ್ಯಾನೂ ಸೇರಿ ನಾಲ್ಕೂ ಪರೀಕ್ಷೆ ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ಧೈರ್ಯ.

ಈ ಗೆರೆಯಲ್ಲೇ ಸಂಶೋಧಕರಿಗೆ ಸಿಕ್ಕಿದ ದೊಡ್ಡ ಫಲವೊಂದಿದೆ. ಗ್ಲಿಯೋಬ್ಲಾಸ್ಟೋಮವೂ ಸೇರಿದ ಗ್ಲಿಯೋಮ ಗುಂಪಿನ ಗೆಡ್ಡೆಗಳಲ್ಲಿ ಕೆಲವಕ್ಕೆ ಐಡಿಎಚ್ ಎಂಬ ಜೀನ್ ಕೆಟ್ಟಿರುತ್ತದೆ ಎಂದು 2008ರಲ್ಲಿ ಗೊತ್ತಾಯಿತು. ಹಾಗೆ ಕೆಟ್ಟ ಜೀನ್ ಇರುವ ಕೋಶಗಳು 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತುವನ್ನು ರಾಶಿ ಹಾಕುತ್ತವೆ. 2012ರಲ್ಲಿ ಅಮೆರಿಕದ ಟೆಕ್ಸಾಸ್‌ನ ಸಂಶೋಧಕರು ಸೂಜಿ ಚುಚ್ಚದೆಯೇ, ಎಂಆರ್‌ಐ ಸ್ಪೆಕ್ಟ್ರೋಸ್ಕೋಪಿಯಲ್ಲೇ ಆ ವಸ್ತುವನ್ನು ರೋಗಿಗಳ ಮಿದುಳಿನಲ್ಲಿ ಗುರುತಿಸಿ ತೋರಿಸಿದರು. ಜೀನ್‌ನ ದೋಷವೊಂದು ಹೊರಗಿನಿಂದಲೇ ಕಂಡಂತಾಯಿತು. ಈ ಗುಂಪಿನ ರೋಗಿಗಳು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ, ಅದಕ್ಕೇ ಇದು ಮುಖ್ಯ. ಆದರೆ ಅದರ ಶಿಖರ ಗ್ಲುಟಮೇಟ್‌ನಂಥ ಇತರ ವಸ್ತುಗಳ ಶಿಖರಗಳ ಜೊತೆ ಬೆರೆತಿರುವುದರಿಂದ ವಿಶೇಷ ತಂತ್ರ ಬೇಕು. ಊರೂರಿನ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಸಿಗುವ ಪರೀಕ್ಷೆಯಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಕ್ಷಯ ಅಥವಾ ಹುಳುವಿನ ಕೋಶ ಎಂದು ಸಾಕಷ್ಟು ಖಾತ್ರಿಯಾದರೆ ಬಹುಮಟ್ಟಿಗೆ ಮಾತ್ರೆಯಲ್ಲೇ ಮುಗಿಯುತ್ತದೆ, ಬುರುಡೆ ತೆರೆಯುವುದು ತಪ್ಪುತ್ತದೆ. ಗ್ಲಿಯೋಮ ಎಂದಾದರೆ ತಪ್ಪುವುದು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣ ಗೆಡ್ಡೆಯ ಹೆಸರನ್ನೇ ಜೀನ್‌ಗಳ ಆಧಾರದ ಮೇಲೆ ಇಡುತ್ತದೆ. ಅದಕ್ಕೆ ಅಂಗಾಂಶದ ಚೂರು ಬೇಕೇ ಬೇಕು. ಆಗ ಸ್ಕ್ಯಾನ್‌ನ ಉಪಯೋಗ ಬೇರೆ: ಚೂರು ಎಲ್ಲಿಂದ ತೆಗೆಯಬೇಕು, ಮಾತಿನ ಜಾಗ ಎಲ್ಲಿದೆ, ಕೈಕಾಲು ಆಡಿಸುವ ನರತಂತುಗಳು ಗೆಡ್ಡೆಗೆ ಎಷ್ಟು ಹತ್ತಿರ ಎಂದು ಸರ್ಜನ್‌ಗೆ ಮೊದಲೇ ತೋರಿಸುತ್ತದೆ. ಯಂತ್ರದೊಳಗೆ ಬೆರಳು ಆಡಿಸಿ, ಮನಸ್ಸಿನಲ್ಲೇ ಪದ ಹೇಳಿಕೊಳ್ಳಿ ಎಂದರೆ ಗಾಬರಿಯಾಗಬೇಡಿ, ಅದು ಇದಕ್ಕೇ.

ಗ್ಲಿಯೋಮದ ಚಿಕಿತ್ಸೆಯ ನಂತರವೂ ಈ ಸ್ಕ್ಯಾನ್‌ನ ಅಗತ್ಯ ಬೀಳುತ್ತದೆ. ವಿಕಿರಣ ಮತ್ತು ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಔಷಧಿ ಮುಗಿದ ಮೊದಲ ಮೂರು ತಿಂಗಳಲ್ಲಿ ಉಂಗುರ ದೊಡ್ಡದಾಗಿ ಕಂಡು ಮನೆಯವರ ಎದೆ ಒಡೆಯುವುದುಂಟು. ಎಷ್ಟೋ ಸಲ ಅದು ಗೆಡ್ಡೆಯಲ್ಲ, ಚಿಕಿತ್ಸೆಯಿಂದಾದ ಊತ. ಪರ್ಫ್ಯೂಷನ್‌ನಲ್ಲಿ ರಕ್ತದ ಪ್ರಮಾಣ ಕಡಿಮೆ ಇದ್ದರೆ ಊತದ ಕಡೆಗೆ, ಹೆಚ್ಚಿದ್ದರೆ ಗೆಡ್ಡೆಯ ಕಡೆಗೆ ಅನುಮಾನ ವಾಲುತ್ತದೆ. ಆಗಲೂ ಅನುಮಾನ ಉಳಿದರೆ ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ಹೋಲಿಸುವುದೇ ದಾರಿ.

ಆದ್ದರಿಂದ ಸ್ಕ್ಯಾನ್ ಮಾಡಿಸಿ. ಪೇಸ್‌ಮೇಕರ್, ಲೋಹದ ಕ್ಲಿಪ್, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ಹೋಗುವಾಗ ಹಳೆಯ ಸ್ಕ್ಯಾನ್‌ನ ಫಿಲ್ಮ್ ಮಾತ್ರ ಸಾಲದು, ಸಿ.ಡಿ.ಯನ್ನೂ ಕೇಳಿ ಪಡೆದು ಜೊತೆಗೆ ಒಯ್ಯಿರಿ.