ದಾರಿ ನಡೆಯುವವರ ಪಾದಗಳು

ಯುಗಾದಿಯು ಸಮೀಪಿಸುವಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸೀಮೆಗಳಿಂದ ಗೆಳೆಯರು ಗುಂಪುಗೂಡಿ ಶ್ರೀಶೈಲಕ್ಕೆ ಕಾಲ್ನಡೆಯಾಗಿ ಹೊರಡುವದನ್ನು ವರುಷವರುಷವೂ ಕಾಣುತ್ತೇವಷ್ಟೆ. ಇಂಡಿಯಿಂದ ಆ ಸ್ಥಳವು ೨೦೦ ಮೈಲಿಗೂ ಮಿಕ್ಕಿ ದೂರದಲ್ಲಿದೆ. ಕಡೆಯ ಭಾಗವು ನಲ್ಲಮಲೆಯ ಅರಣ್ಯದ ಹಾದಿ. ಕೆಲವರು ಮರಗಾಲು ಕಟ್ಟಿಕೊಂಡೂ ನಡೆಯುತ್ತಾರೆ. ದಾರಿಯುದ್ದಕ್ಕೂ ಊರವರು ಚಪ್ಪರ ಹಾಕಿ ರೊಟ್ಟಿ, ಮಜ್ಜಿಗೆ ಕೊಡುತ್ತಾರೆ. ಕಾಲು ಒತ್ತುವವರೂ ಉಂಟು. ಕುಂಟುವವನ ಗಂಟನ್ನು ಜತೆಗಾರರು ತಾವು ಹೊತ್ತು, ಅವನ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ಕೂಡಿಸುವದನ್ನು ಕಂಡು ನಾವು ನಾಚಿದ್ದೇವೆ.

ಅವರು ಹೋಗುವ ಕ್ಷೇತ್ರವು ನಮ್ಮದಲ್ಲವೆಂದು ನಮ್ಮಲ್ಲಿ ಕೆಲವರು ಆ ದಿನಗಳಲ್ಲಿ ಬಾಗಿಲು ಮುಚ್ಚಿಕೊಳ್ಳುವದುಂಟು. ಗಾಯಪಟ್ಟವನನ್ನು ಎತ್ತಿಕೊಂಡ ಸಮಾರ್ಯದವನು, ನೀನು ಆರಾಧಿಸುವದು ಯಾವ ಬೆಟ್ಟದಲ್ಲಿ ಎಂದು ಮೊದಲು ವಿಚಾರಿಸಿದನೋ?

ಆದರೆ ಉಪಚಾರಕ್ಕೂ ವಿವೇಕ ಬೇಕು. ಬೆವರಿನೊಡನೆ ಉಪ್ಪೂ ದೇಹವನ್ನು ಬಿಟ್ಟು ಹೋಗುವದು. ಆದಕಾರಣ ಉಪ್ಪು ಹಾಕಿದ ಮಜ್ಜಿಗೆಯು ಬರೀ ನೀರಿಗಿಂತ ಲೇಸು. ಅಂಗಾಲಿನ ಗುಳ್ಳೆಯನ್ನು ಒಡೆಯಕೂಡದು, ಯಾಕಂದರೆ ಮೇಲಣ ಚರ್ಮವೇ ಅದಕ್ಕೆ ಮುಚ್ಚಳ. ತೊಳೆದು, ಒರಸಿ, ಶುದ್ಧವಾದ ಅರಿವೆಯನ್ನು ಸುತ್ತತಕ್ಕದ್ದು. ಮೈ ಕಾದು ಮಾತು ತೊದಲುವವನನ್ನು ನೆರಳಿನಲ್ಲಿ ಮಲಗಿಸಿ, ಮೈಮೇಲೆ ತಣ್ಣೀರು ಹಾಕಿ, ಗಾಳಿ ಬೀಸುತ್ತಾ, ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು. ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಹೊಯ್ಯಬಾರದು. ಪ್ರೀತಿಯಿಂದ ಹೊಯ್ದದ್ದೂ ಉಸಿರು ಕಟ್ಟಿಸೀತು.

ದಾರಿಯ ಬದಿಗಿರುವ ಸಭೆಯವರು ಹರವಿಗಳನ್ನು ಹಗಲಿನಲ್ಲಿ ಮಾತ್ರ ತುಂಬಿಸಿದರೆ ಸಾಲದು. ಬಿಸಿಲಿಗೆ ಅಂಜಿ ಅವರು ರಾತ್ರಿಯಲ್ಲಿಯೂ ನಡೆಯುತ್ತಾರೆ. ದೀಪವೊಂದನ್ನು ಹರವಿಯ ಬಳಿಯಲ್ಲಿಯೇ ಇಡಿರಿ.